ಕೆಮ್ಮಿದಾಗ ಕಫದಲ್ಲಿ ರಕ್ತ: ಹಳೇ ಟಿಬಿಯ ಗಾಯವಾ, ಬೇರೆ ಏನಾದರೂ ಇದೆಯಾ?

ಹಾರಂಗಿ ದಡ

ಎಲ್ಲರಿಗೂ ನಮಸ್ಕಾರ. ಅಪ್ಪನ ವಿಷಯ ಕೇಳಬೇಕಿತ್ತು. ವಯಸ್ಸು ಅರವತ್ತು ದಾಟಿದೆ. ಸೋಮವಾರಪೇಟೆ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ತುಂಬಾ ವರ್ಷಗಳ ಹಿಂದೆ ಟಿಬಿ ಬಂದಿತ್ತು. ಆರು ತಿಂಗಳ ಮಾತ್ರೆ ಪೂರ್ತಿ ತಗೊಂಡಿದ್ದಾರೆ. ಆಮೇಲೆ ಆರಾಮಾಗಿದ್ದರು. ಮಳೆಗಾಲ ಬಂದರೆ ಕೆಮ್ಮು, ಕಫ ಜಾಸ್ತಿ ಆಗುತ್ತಿತ್ತು, ಅಷ್ಟೇ.

ಈ ಸಲ ಕಫದ ಜೊತೆ ರಕ್ತ ಬರುತ್ತಿದೆ. ಮೊದಲು ಗೆರೆ ಗೆರೆಯಾಗಿ ಕಾಣಿಸಿತು. ಮೊನ್ನೆ ಒಂದು ಚಮಚದಷ್ಟು ಬರೀ ಕೆಂಪಾಗಿಯೇ ಬಂತು. ಜ್ವರ ಇಲ್ಲ. ತೂಕ ಇಳಿದಿಲ್ಲ. ಊಟ ಸೇರುತ್ತಿದೆ.

ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ನೋಡಿ "ಟಿಬಿ ವಾಪಸ್ ಬಂದಿದೆ, ಇವತ್ತೇ ಮಾತ್ರೆ ಶುರು ಮಾಡಿ" ಅಂದರು. ಕಫ ಪರೀಕ್ಷೆಗೆ ಬರೆದುಕೊಡಲೇ ಇಲ್ಲ. ಅಪ್ಪ ಮಾತ್ರೆ ಬೇಡ ಅನ್ನುತ್ತಿದ್ದಾರೆ. ಅಮ್ಮನಿಗೆ ರಾತ್ರಿ ನಿದ್ದೆ ಇಲ್ಲ. "ರಕ್ತ ಕಾರಿ ಸಾಯ್ತೀಯ" ಅನ್ನೋ ಶಾಪ ಕೇಳಿ ಬೆಳೆದವರು ನಾವು. ಕೆಮ್ಮಿನಲ್ಲಿ ರಕ್ತ ಬಂತು ಅಂದರೆ ಕಥೆ ಮುಗೀತು ಅಂತಲೇ ಎಲ್ಲರೂ ಅಂದುಕೊಂಡಿದ್ದಾರೆ. ಇದು ಏನಿರಬಹುದು? ಎಲ್ಲಿಗೆ ಕರೆದುಕೊಂಡು ಹೋಗಬೇಕು?

ಕಕ್ಕಬ್ಬೆ ತೋಟದವ

ಮೊದಲು ಧೈರ್ಯವಾಗಿರಿ. ಅಪ್ಪ ಎಲೆ ಅಡಿಕೆ ಹಾಕುತ್ತಾರಾ? ನಮ್ಮ ಕಡೆ ಹಿರಿಯರು ದಿನವಿಡೀ ಹಾಕುತ್ತಾರೆ, ಉಗುಳಿದ್ದೆಲ್ಲ ಕೆಂಪು. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದ್ ತೊಪ್ಪು ಅನ್ನುವ ಔಷಧಿ ಸೊಪ್ಪಿನ ಪಾಯಸ ತಿಂದ ಮೇಲೆ ಮೂತ್ರ ಕೆಂಪಾದದ್ದು ನೋಡಿ ಹೊರಗಿನಿಂದ ಬಂದ ನೆಂಟರು ಗಾಬರಿ ಆಗುತ್ತಾರೆ. ಹಾಗೇನಾದರೂ ಇರಬಹುದಾ ಅಂತ ಕೇಳಿದೆ.

ರಕ್ತವೇ ಹೌದಾದರೆ ಆಡುಸೋಗೆ ಸೊಪ್ಪಿನ ಕಷಾಯ ಕೊಡಿ. ನಮ್ಮ ಅಜ್ಜಿ ಕೆಮ್ಮಿಗೆ ಅದನ್ನೇ ಕೊಡುತ್ತಿದ್ದರು.

ಮಡಿಕೇರಿ ಸಿಸ್ಟರ್

ನಾನು ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತಿ ಆದವಳು. ಮದ್ದ್ ತೊಪ್ಪು ಮೂತ್ರಕ್ಕೆ ಬಣ್ಣ ಕೊಡುತ್ತದೆ, ಕಫಕ್ಕೆ ಅಲ್ಲ. ಆದರೆ ಎಲೆ ಅಡಿಕೆಯ ಮಾತು ಮುಖ್ಯ. ನನ್ನ ಚಿಂತೆ ಅದರ ಇನ್ನೊಂದು ಮಗ್ಗುಲದ್ದು. ಎಲೆ ಅಡಿಕೆ ಹಾಕುವವರಲ್ಲಿ ನಿಜವಾದ ರಕ್ತ ಬಂದರೂ ಯಾರಿಗೂ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ತಾಂಬೂಲದ ಕೆಂಪು ಅಂದುಕೊಂಡೇ ಕಳೆಯುತ್ತಾರೆ. ಅನುಮಾನ ಇದ್ದರೆ ಒಂದೆರಡು ದಿನ ಎಲೆ ಅಡಿಕೆ ನಿಲ್ಲಿಸಿ. ಬಾಯಿ ತೊಳೆದು, ಬಿಳಿ ಬಟ್ಟಲಿಗೆ ಕೆಮ್ಮಿಸಿ ನೋಡಿ.

ಹಾರಂಗಿಯವರೇ, ಇನ್ನು ಮೇಲೆ ಬಚ್ಚಲಿಗೆ, ಮಣ್ಣಿಗೆ ಉಗುಳುವುದು ಬೇಡ ಅಂತ ಅಪ್ಪನಿಗೆ ಹೇಳಿ. ಮುಚ್ಚಳ ಇರುವ ಡಬ್ಬಿ ಕೊಡಿ. ಎಷ್ಟು ಬಂತು, ಯಾವ ಬಣ್ಣ, ಎಷ್ಟು ಹೊತ್ತಿಗೆ ಅಂತ ಬರೆದಿಡಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಡಾಕ್ಟರ್ ಮೊದಲು ಕೇಳುವುದೇ ಇದನ್ನ. "ತುಂಬಾ ಬಂತು" ಅಂದರೆ ಒಬ್ಬರಿಗೆ ಚಮಚ, ಇನ್ನೊಬ್ಬರಿಗೆ ಚೊಂಬು.

ಎಲ್ಲಿಂದ ಬಂತು ಅನ್ನುವುದಕ್ಕೂ ಸುಳಿವು ಇದೆ. ಶ್ವಾಸಕೋಶದ ರಕ್ತ ಕೆಮ್ಮಿನ ಜೊತೆ ಬರುತ್ತದೆ, ತಿಳಿ ಕೆಂಪು, ನೊರೆ ಇರುತ್ತದೆ, ಕಫ ಕಲೆತಿರುತ್ತದೆ. ಹೊಟ್ಟೆಯದ್ದಾದರೆ ವಾಕರಿಕೆ ಬಂದು ವಾಂತಿಯಾಗುತ್ತದೆ, ಕಪ್ಪಗೆ ಕಾಫಿ ಚರಟದ ಹಾಗಿರುತ್ತದೆ, ಕೆಲವೊಮ್ಮೆ ಅನ್ನದ ಅಗುಳೂ ಸೇರಿರುತ್ತದೆ, ಮಲ ಟಾರಿನ ಹಾಗೆ ಕಪ್ಪಾಗಬಹುದು. ಮೂಗಿನ ರಕ್ತ ರಾತ್ರಿ ಗಂಟಲಿಗಿಳಿದು ಬೆಳಿಗ್ಗೆ ಕೆಮ್ಮಿದಾಗ ಬರುವುದೂ ಇದೆ. ವಸಡನ್ನೂ ನೋಡಿ.

ಶ್ವಾಸಕೋಶ ವೈದ್ಯ, ಮೈಸೂರು

ನಾನು ವಿರಾಜಪೇಟೆ ಕಡೆಯವನು, ಈಗ ಮೈಸೂರಿನಲ್ಲಿ ಕೆಲಸ. ರೋಗಿಯನ್ನು ನೋಡದೆ ಇಲ್ಲಿ ಕೂತು ರೋಗ ಹೇಳಲಾರೆ. ಆದರೆ ನೀವು ಬರೆದದ್ದರಲ್ಲಿ ಒಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಅದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಟಿಬಿ ವಾಸಿಯಾದ ಶ್ವಾಸಕೋಶವೂ ರಕ್ತ ಸುರಿಸಬಹುದು. ಅಂದ ಮಾತ್ರಕ್ಕೆ ಟಿಬಿ ವಾಪಸ್ ಬಂದಿದೆ ಅಂತ ಅರ್ಥ ಅಲ್ಲ. ಮಾತ್ರೆಯಿಂದ ಕ್ರಿಮಿ ಸಾಯುತ್ತದೆ, ಗಾಯದ ಗುರುತು ಉಳಿಯುತ್ತದೆ. ಆ ಜಾಗದ ಶ್ವಾಸನಾಳಗಳು ಎಳೆದಂತಾಗಿ ಅಗಲವಾಗುತ್ತವೆ. ಬ್ರಾಂಕಿಯೆಕ್ಟಾಸಿಸ್ ಅನ್ನುತ್ತೇವೆ. ಅಲ್ಲಿ ಕಫ ನಿಲ್ಲುತ್ತದೆ, ಸೋಂಕು ಮರುಕಳಿಸುತ್ತದೆ. ಪ್ರತಿ ಮಳೆಗಾಲಕ್ಕೂ ಕಫ ಜಾಸ್ತಿ ಆಗುತ್ತದೆ ಅಂತ ಬರೆದಿದ್ದೀರಲ್ಲ, ಅದು ಇದಕ್ಕೆ ಹೊಂದುತ್ತದೆ. ಕೆಲವರಲ್ಲಿ ಟಿಬಿ ಕೊರೆದ ಗುಳಿ ಹಾಗೇ ಉಳಿದು, ಅದರೊಳಗೆ ಆಸ್ಪರ್ಜಿಲಸ್ ಅನ್ನುವ ಬೂಷ್ಟು ಉಂಡೆಯಾಗಿ ಬೆಳೆಯುತ್ತದೆ. ಅದೂ ಚೆನ್ನಾಗಿ ರಕ್ತ ತರಿಸುತ್ತದೆ.

ರಕ್ತ ಯಾಕೆ ಅಷ್ಟು ಜೋರಾಗಿ ಬರುತ್ತದೆ ಅಂದರೆ, ಶ್ವಾಸಕೋಶಕ್ಕೆ ಎರಡು ಕಡೆಯಿಂದ ರಕ್ತ ಹೋಗುತ್ತದೆ. ಹೃದಯದ ಬಲಭಾಗದಿಂದ ಹೋಗುವ ದೊಡ್ಡ ನಾಳಗಳಲ್ಲಿ ಒತ್ತಡ ಕಮ್ಮಿ. ಶ್ವಾಸನಾಳಗಳನ್ನು ಸಾಕುವ ಸಣ್ಣ ಬ್ರಾಂಕಿಯಲ್ ಅಪಧಮನಿಗಳು ಮಹಾಪಧಮನಿಯಿಂದಲೇ ಕವಲೊಡೆಯುತ್ತವೆ, ಅಲ್ಲಿ ಪೂರ್ತಿ ರಕ್ತದೊತ್ತಡ ಇರುತ್ತದೆ. ವರ್ಷಗಟ್ಟಲೆ ಉರಿಯೂತ ಇದ್ದ ಜಾಗದಲ್ಲಿ ಈ ಸಣ್ಣ ನಾಳಗಳು ದಪ್ಪಗಾಗಿ, ಸುರುಳಿ ಸುತ್ತಿಕೊಂಡು, ಗೋಡೆ ತೆಳುವಾಗುತ್ತವೆ. ಜೋರಾಗಿ ರಕ್ತ ಬಂದ ನೂರು ರೋಗಿಗಳಲ್ಲಿ ಸುಮಾರು 90 ಜನರಿಗೆ ರಕ್ತ ಬರುವುದು ಇವುಗಳಿಂದಲೇ.

ಹಾಗಂತ ಟಿಬಿ ಇಲ್ಲ ಅಂತಲೂ ನಾನು ಹೇಳುತ್ತಿಲ್ಲ. ಮತ್ತೆ ಬರುವ ಸಾಧ್ಯತೆ ಇದೆ, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಜಾಸ್ತಿ. ಅದಕ್ಕೇ ಪರೀಕ್ಷೆ ಬೇಕು. ಹಳೇ ಕಲೆ ಇರುವ ಎದೆಯ ಎಕ್ಸ್‌ರೇ ಒಂದನ್ನೇ ನೋಡಿ ಹೊಸ ಟಿಬಿ ಅಂತ ತೀರ್ಮಾನ ಮಾಡುವುದು ಕಷ್ಟ. ಹಳೇ ಫಿಲ್ಮ್ ಮನೆಯಲ್ಲಿದ್ದರೆ ಹುಡುಕಿ, ಪಕ್ಕದಲ್ಲಿಟ್ಟು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಕಫದಲ್ಲಿ ಟಿಬಿ ಕ್ರಿಮಿಯ ಜೀನ್ ಹುಡುಕುವ ಪರೀಕ್ಷೆಗೆ ಕೊಡಿ, ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್. ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಇಲ್ಲೂ ಒಂದು ಎಚ್ಚರ ಬೇಕು. ಹಿಂದೆ ಟಿಬಿ ಆದವರಲ್ಲಿ ಸತ್ತ ಕ್ರಿಮಿಯ ತುಣುಕು ಸಿಕ್ಕರೂ ಈ ಪರೀಕ್ಷೆ ಪಾಸಿಟಿವ್ ತೋರಿಸಬಹುದು. ಅಂಥ ಅನುಮಾನ ಬಂದಾಗ ಕಲ್ಚರ್‌ಗೂ, ಅಂದರೆ ಬದುಕಿರುವ ಕ್ರಿಮಿ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಗೂ, ಕಳಿಸಬೇಕಾಗುತ್ತದೆ.

ಎದೆಯ ಸಿಟಿ ಸ್ಕ್ಯಾನ್ ಮಾಡಿಸಿ. ಬೀಡಿ ಸೇದಿದವರಾದರೆ ಅದು ಇನ್ನೂ ಮುಖ್ಯ. ನಲವತ್ತು ದಾಟಿದ, ಬೀಡಿ ಸಿಗರೇಟು ಸೇದಿದ ಯಾರಿಗೇ ಕಫದಲ್ಲಿ ರಕ್ತ ಬಂದರೂ ಎಕ್ಸ್‌ರೇ ಚೆನ್ನಾಗಿದೆ ಅಂತ ಸುಮ್ಮನಾಗಬಾರದು. ಶ್ವಾಸಕೋಶದ ಕ್ಯಾನ್ಸರ್ ಎಕ್ಸ್‌ರೇಯಲ್ಲಿ ಕಾಣದೆ ಕೂತಿರಬಹುದು.

ಆಡುಸೋಗೆ ಬಗ್ಗೆ ನನಗೆ ಗೌರವ ಇದೆ. ಅದರಲ್ಲಿರುವ ವಾಸಿಸಿನ್ ಅನ್ನೋ ಅಂಶದಿಂದಲೇ ಇವತ್ತಿನ ಕಫ ಕರಗಿಸುವ ಬ್ರೊಮ್‌ಹೆಕ್ಸಿನ್ ಔಷಧಿ ಹುಟ್ಟಿದ್ದು. ಆದರೆ ದಪ್ಪಗಾದ ಅಪಧಮನಿಯ ರಕ್ತವನ್ನು ಕಷಾಯ ನಿಲ್ಲಿಸುವುದಿಲ್ಲ. ಕಷಾಯ ಕುಡಿಸಿ ಎರಡು ವಾರ ಕಾಯುವುದೇ ಅಪಾಯ.

ಬಾಳೆಲೆ ಹುಡುಗ

ಡಾಕ್ಟ್ರೇ, ಒಂದು ಪ್ರಶ್ನೆ. ಏಡಿ ತಿಂದರೆ ಹೀಗೆ ರಕ್ತ ಬರುತ್ತದೆ ಅಂತ ಎಲ್ಲೋ ಓದಿದೆ. ನಮ್ಮಲ್ಲಿ ಮಳೆಗಾಲದಲ್ಲಿ ಗದ್ದೆ ಏಡಿ ಸಾರು ಇಲ್ಲದ ಮನೆಯೇ ಇಲ್ಲ. ಬಿಟ್ಟುಬಿಡಬೇಕಾ?

ಶ್ವಾಸಕೋಶ ವೈದ್ಯ, ಮೈಸೂರು

ಬಿಡಬೇಡಿ, ಚೆನ್ನಾಗಿ ಬೇಯಿಸಿ. ನೀವು ಓದಿದ್ದು ಪ್ಯಾರಗೋನಿಮಸ್ ಅನ್ನುವ ಹುಳದ ಬಗ್ಗೆ. ಸಿಹಿನೀರಿನ ಏಡಿಯನ್ನು ಹಸಿಯಾಗಿ ಅಥವಾ ಅರೆಬೆಂದು ತಿಂದಾಗ ಅದು ಹೊಟ್ಟೆಯಿಂದ ಶ್ವಾಸಕೋಶಕ್ಕೆ ಹೋಗಿ ಸೇರುತ್ತದೆ. ಕಫ ಕಂದು, ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಂಡಿರುವುದು ಮಣಿಪುರ, ನಾಗಾಲ್ಯಾಂಡ್, ಅರುಣಾಚಲ ಪ್ರದೇಶದ ಕಡೆ. ಟಿಬಿ ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗಿ, ಕೊನೆಗೆ ಈ ಹುಳ ಅಂತ ಗೊತ್ತಾದವರಿದ್ದಾರೆ. ಪ್ರಾಜಿಕ್ವಾಂಟೆಲ್ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಕುದಿದು ಬೆಂದ ಸಾರಿನಿಂದ ಭಯ ಇಲ್ಲ. ಹುಡುಗರು ತೋಡಿನ ಬದಿಯಲ್ಲಿ ಏಡಿ ಸುಟ್ಟು ಅರೆಬೆಂದದ್ದನ್ನು ತಿನ್ನುವುದು ಮಾತ್ರ ಬೇಡ.

ಹಾಗೆಯೇ ತೊರೆಯ ನೀರಿಗೆ ನೇರ ಬಾಯಿ ಹಚ್ಚಿ ಕುಡಿಯಬೇಡಿ. ನೀರಿನ ಜಿಗಣೆ ಗಂಟಲಿನಲ್ಲೋ ಶ್ವಾಸನಾಳದಲ್ಲೋ ಕಚ್ಚಿ ಕೂತು ರಕ್ತ ಬಂದ ಉದಾಹರಣೆಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಅಪರೂಪ, ಆದರೆ ಇದೆ.

ಗೋಣಿಕೊಪ್ಪ ಆಶಾ

ನಾನು ಆಶಾ ಕಾರ್ಯಕರ್ತೆ. ಮಳೆಗಾಲ ಅಂದ ಮೇಲೆ ಇಲಿಜ್ವರದ ಮಾತು ಬರಲೇಬೇಕು. ನಾಟಿ ಸಮಯದಲ್ಲಿ ಬರಿಗಾಲಿನಲ್ಲಿ ಗದ್ದೆಗಿಳಿಯುವವರು, ತೋಟದ ಚರಂಡಿ ಕೆಲಸದವರು ಎಲ್ಲರೂ ಕೇಳಿಸಿಕೊಳ್ಳಿ. ಇಲಿ ಮೂತ್ರ ಸೇರಿದ ನೀರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ಜೋರು ಜ್ವರ, ಮೀನಖಂಡದಲ್ಲಿ ಮುಟ್ಟಲಾರದ ನೋವು, ಕಣ್ಣು ಕೆಂಪು. ಇದರ ಮೇಲೆ ಉಸಿರಾಟ ಕಷ್ಟವಾಗಿ ಕಫದಲ್ಲಿ ರಕ್ತ ಬಂತು ಅಂದರೆ ಗಂಟೆಗಳಲ್ಲಿ ಪರಿಸ್ಥಿತಿ ಕೆಡುತ್ತದೆ ಅಂತ ನಮಗೆ ತರಬೇತಿಯಲ್ಲಿ ಹೇಳಿದ್ದಾರೆ. ಕಣ್ಣು ಹಳದಿ ಆಗುವವರೆಗೆ ಕಾಯಬೇಡಿ.

ಇನ್ನೊಂದು ಮಾತು. ಲೈನ್ ಮನೆಗಳಲ್ಲಿ, ಹಾಡಿಗಳಲ್ಲಿ ಕೆಮ್ಮು ಮುಚ್ಚಿಡುತ್ತಾರೆ. ಟಿಬಿ ಅಂತ ಗೊತ್ತಾದರೆ ಕೆಲಸ ಹೋಗುತ್ತದೆ ಅನ್ನುವ ಭಯ. ಅಸ್ಸಾಂ ಕಡೆಯಿಂದ ಬಂದ ಕಾರ್ಮಿಕರಿಗೆ ಭಾಷೆಯೂ ತೊಡಕು. ದಯವಿಟ್ಟು ತೋಟದ ಮಾಲೀಕರು ಯಾರಾದರೂ ಇಲ್ಲಿ ಓದುತ್ತಿದ್ದರೆ, ಎರಡು ವಾರ ಮೀರಿದ ಕೆಮ್ಮು ಇದ್ದವರನ್ನು ಕಫ ಪರೀಕ್ಷೆಗೆ ಕಳಿಸಿಕೊಡಿ, ಆ ದಿನದ ಕೂಲಿ ಹಿಡಿಯಬೇಡಿ. ಟಿಬಿ ಅಂತ ಖಚಿತವಾದರೆ ಮಾತ್ರೆ ಉಚಿತ, ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1000 ಮಾಡಿದ್ದಾರೆ. ಮಾತ್ರೆ ಶುರುವಾದ ಮೇಲೆ ಮೂತ್ರ, ಬೆವರು, ಉಗುಳು ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಅದು ರಿಫಾಂಪಿಸಿನ್ ಬಣ್ಣ. ರಕ್ತ ಅಂದುಕೊಂಡು ಮಾತ್ರೆ ಬಿಟ್ಟವರನ್ನು ನಾನೇ ಮನೆಗೆ ಹೋಗಿ ಸಮಾಧಾನ ಮಾಡಿದ್ದೇನೆ.

ಹಾರಂಗಿ ದಡ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಎಲೆ ಅಡಿಕೆ ಅಭ್ಯಾಸ ಇಲ್ಲ. ಬೀಡಿ ಮೊದಲು ಇತ್ತು, ಟಿಬಿ ಬಂದಾಗ ಬಿಟ್ಟರು. ಮಡಿಕೇರಿಗೆ ಕರೆದುಕೊಂಡು ಹೋಗಿದ್ದೆ. ಕಫದ ಜೀನ್ ಪರೀಕ್ಷೆ ನೆಗೆಟಿವ್, ಕಲ್ಚರ್‌ಗೂ ಕಳಿಸಿದ್ದಾರೆ. ಸಿಟಿಯಲ್ಲಿ ಬಲಗಡೆ ಮೇಲ್ಭಾಗದಲ್ಲಿ ಹಳೇ ಗುಳಿ ಇದೆ, ಒಳಗೆ ಉಂಡೆ ಕಾಣುತ್ತದೆ, ಸುತ್ತ ಬ್ರಾಂಕಿಯೆಕ್ಟಾಸಿಸ್ ಅಂತ ಬರೆದಿದ್ದಾರೆ. ಗಡ್ಡೆ ಏನೂ ಕಾಣಿಸಿಲ್ಲ. ರಕ್ತ ನಿಲ್ಲಲು ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಜೊತೆಗೆ ಆಂಟಿಬಯೋಟಿಕ್ ಕೊಟ್ಟರು. ಈಗ ಕಮ್ಮಿ ಆಗಿದೆ. ಮುಂದೆ "ಎಂಬೊಲೈಸೇಷನ್" ಬೇಕಾಗಬಹುದು ಅಂದರು. ಹೃದಯದ ಸ್ಟೆಂಟ್ ತರಹದ್ದಾ ಅದು? ಅಪ್ಪ ಆಪರೇಷನ್ ಅಂದರೆ ಹೆದರುತ್ತಾರೆ.

ಶ್ವಾಸಕೋಶ ವೈದ್ಯ, ಮೈಸೂರು

ಸರಿಯಾದ ದಾರಿಯಲ್ಲಿದ್ದೀರಿ. ನೆಗೆಟಿವ್ ಬಂದ ಮೇಲೂ ಕಲ್ಚರ್‌ಗೆ ಕಳಿಸಿದ್ದು ಒಳ್ಳೆಯದಾಯಿತು.

ಎಂಬೊಲೈಸೇಷನ್ ಅಂದರೆ ಎದೆ ಕೊಯ್ಯುವುದಲ್ಲ. ತೊಡೆಯ ಸಂದಿನಲ್ಲೋ ಮಣಿಕಟ್ಟಿನಲ್ಲೋ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ರಕ್ತನಾಳದೊಳಗೆ ತೆಳುವಾದ ಕೊಳವೆ ಬಿಡುತ್ತಾರೆ. ಎಕ್ಸ್‌ರೇ ಪರದೆ ನೋಡುತ್ತಾ ಮಹಾಪಧಮನಿಯಿಂದ ಆ ದಪ್ಪಗಾದ ಬ್ರಾಂಕಿಯಲ್ ನಾಳವನ್ನು ಹುಡುಕಿ, ಮರಳಿನಷ್ಟು ಸಣ್ಣ ಕಣಗಳನ್ನು ಬಿಟ್ಟು ಮುಚ್ಚುತ್ತಾರೆ. ಸ್ಟೆಂಟ್ ಹಾಕುವುದು ಮುಚ್ಚಿದ ನಾಳ ತೆರೆಯುವುದಕ್ಕೆ, ಇಲ್ಲಿ ಕೆಲಸ ಉಲ್ಟಾ. ರೋಗಿ ಹೆಚ್ಚಾಗಿ ಎಚ್ಚರವಾಗಿಯೇ ಇರುತ್ತಾರೆ. ಫ್ರಾನ್ಸಿನಲ್ಲಿ 1970ರ ದಶಕದಲ್ಲಿ ಶುರುವಾದ ವಿಧಾನ ಇದು. ಬಹುಪಾಲು ಜನರಿಗೆ ರಕ್ತ ತಕ್ಷಣ ನಿಲ್ಲುತ್ತದೆ.

ಅಪಾಯವನ್ನೂ ಹೇಳಬೇಕು. ಕೆಲವರಲ್ಲಿ ಬೆನ್ನುಹುರಿಗೆ ಹೋಗುವ ಸಣ್ಣ ನಾಳ ಇದೇ ಜಾಗದಿಂದ ಹೊರಡುತ್ತದೆ. ಅದಕ್ಕೆ ಕಣ ಹೋದರೆ ಕಾಲು ಸ್ವಾಧೀನ ತಪ್ಪಬಹುದು. ಬಹಳ ಅಪರೂಪ. ಅನುಭವ ಇರುವವರು ಮೊದಲೇ ಚಿತ್ರ ತೆಗೆದು ನೋಡಿಕೊಂಡೇ ಮುಂದುವರಿಯುತ್ತಾರೆ. ಆಮೇಲೆ ಕೆಲ ದಿನ ಎದೆನೋವು, ಸ್ವಲ್ಪ ಜ್ವರ ಇರಬಹುದು. ನಾಳಗಳು ಎಕ್ಸ್‌ರೇಯಲ್ಲಿ ಕಾಣಲು ಡೈ ಹಾಕುವುದರಿಂದ ಮೊದಲೇ ಕಿಡ್ನಿ ಪರೀಕ್ಷೆ ಮಾಡಿಸುತ್ತಾರೆ.

ಇನ್ನೊಂದು ಸತ್ಯ. ಒಳಗೆ ಬೂಷ್ಟಿನ ಉಂಡೆ ಇದ್ದರೆ ತಿಂಗಳು, ವರ್ಷಗಳ ನಂತರ ಬೇರೆ ನಾಳ ಬೆಳೆದು ರಕ್ತ ಮತ್ತೆ ಬರಬಹುದು. ಶಾಶ್ವತ ಪರಿಹಾರ ಅಂದರೆ ಆ ಭಾಗವನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು. ಅದಕ್ಕೆ ಉಳಿದ ಶ್ವಾಸಕೋಶದಲ್ಲಿ ಶಕ್ತಿ ಇರಬೇಕು, ಉಸಿರಿನ ಪರೀಕ್ಷೆ ಮಾಡಿ ನಿರ್ಧರಿಸುತ್ತಾರೆ. ಇಟ್ರಾಕೊನಜೋಲ್ ತರಹದ ಶಿಲೀಂಧ್ರದ ಮಾತ್ರೆ ಕೆಲವರಿಗೆ ಸಹಾಯ ಮಾಡುತ್ತದೆ. ಆದರೆ ಉಂಡೆ ಅದರಿಂದಲೇ ಕರಗಿ ಹೋಗುತ್ತದೆ ಅಂತ ನಂಬಬೇಡಿ.

ಟ್ರಾನೆಕ್ಸಾಮಿಕ್ ಮಾತ್ರೆಯನ್ನು ಬರೆದುಕೊಟ್ಟಷ್ಟು ದಿನ ಮಾತ್ರ ಕೊಡಿ. ಮೆಡಿಕಲ್ ಶಾಪಿನಿಂದ ನೀವೇ ತಂದು ಮುಂದುವರಿಸಬೇಡಿ. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಕಾಯಿಲೆ ಆದವರಿಗೆ, ಕಿಡ್ನಿ ತೊಂದರೆ ಇರುವವರಿಗೆ ಅದು ಅಪಾಯ.

ನಾಪೋಕ್ಲು ಓದುಗಿ

ನಮ್ಮ ಭಾವನಿಗೆ ಮಂಗಳೂರಿನಲ್ಲಿ ಎಂಬೊಲೈಸೇಷನ್ ಆಗಿದೆ. ಆ ಸಂಜೆಯೇ ಮಾತಾಡಿಕೊಂಡು ಗಂಜಿ ಕುಡಿದರು. ಆಮೇಲೆ ರಕ್ತ ಬಂದಿಲ್ಲ. ನಿಮ್ಮ ಅಪ್ಪನಿಗೆ ಧೈರ್ಯ ಹೇಳಿ.

ನಮಗೆ ಕಷ್ಟ ಆಗಿದ್ದು ರಸ್ತೆ. ಮೊದಲು ಹೋದ ಒಂದು ಆಸ್ಪತ್ರೆಯಲ್ಲಿ "ಮಾಡ್ತೀವಿ" ಅಂತ ಸೇರಿಸಿಕೊಂಡರು. ಮಾರನೇ ದಿನ ಅದನ್ನು ಮಾಡುವ ಡಾಕ್ಟರ್ ವಾರಕ್ಕೊಮ್ಮೆ ಮಾತ್ರ ಬರೋದು ಅಂದರು. ಅಲ್ಲಿಂದ ಮಳೆಯಲ್ಲಿ ಸಂಪಾಜೆ ಘಾಟಿ ಇಳಿದೆವು. ಪ್ರತಿ ಕೆಮ್ಮಿಗೂ ಜೀವ ಬಾಯಿಗೆ ಬರುತ್ತಿತ್ತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ರಸ್ತೆ ಬಂದ್ ಆಗಿದ್ದನ್ನು ನೋಡಿದವರಿಗೆ ನನ್ನ ಮಾತು ಅರ್ಥ ಆಗುತ್ತದೆ. ಹಾಗಾಗಿ ರಕ್ತ ಕಮ್ಮಿ ಇರುವ ಈಗಲೇ ಫೋನ್ ಮಾಡಿ ಕೇಳಿಡಿ: ಎಂಬೊಲೈಸೇಷನ್ ಮಾಡುವವರು ರಾತ್ರಿಯೂ ಸಿಗುತ್ತಾರಾ, ಆಯುಷ್ಮಾನ್ ಕಾರ್ಡ್ ನಡೆಯುತ್ತದಾ, ರೆಫರಲ್ ಚೀಟಿ ಬೇಕಾ.

ಮಡಿಕೇರಿ ಸಿಸ್ಟರ್

ನಾಪೋಕ್ಲು ಅವರ ಮಾತು ಬಂಗಾರ. ಸೋಮವಾರಪೇಟೆಯವರಿಗೆ ಕುಶಾಲನಗರದ ಮೇಲೆ ಮೈಸೂರು ರಸ್ತೆ ಸಲೀಸು, ಘಾಟಿ ಇಲ್ಲ. ಕ್ಷಯಕ್ಕೆ ಅಲ್ಲಿ ಹಳೇ ಹೆಸರಿನ ಪಿಕೆಟಿಬಿ ಆಸ್ಪತ್ರೆಯೂ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕ್ಷಯದಿಂದ ತೀರಿಕೊಂಡ ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ್ದು. ಅರಮನೆಯನ್ನೂ ಬಿಡದ ರೋಗ ಇದು, ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಜೋರಾಗಿ ರಕ್ತ ಬಂದರೆ ಮನೆಯಲ್ಲಿ ಏನು ಮಾಡಬೇಕು ಅಂತ ಹೇಳುತ್ತೇನೆ, ಅಮ್ಮನಿಗೂ ಓದಿ ಹೇಳಿ. ಇಲ್ಲಿ ರೋಗಿ ಹೋಗುವುದು ರಕ್ತ ಕಮ್ಮಿಯಾಗಿ ಅಲ್ಲ, ಉಸಿರುಗಟ್ಟಿ. ಗಾಳಿ ಹೋಗುವ ದಾರಿಯಲ್ಲಿ ಹಿಡಿಯುವುದೇ ಸುಮಾರು 150 ಮಿಲಿಲೀಟರ್, ಒಂದು ಸಣ್ಣ ಕಾಫಿ ಲೋಟದಷ್ಟು. ಅದಕ್ಕೇ ಅಂಗಾತ ಮಲಗಿಸಬೇಡಿ. ಯಾವ ಕಡೆ ರೋಗ ಇದೆಯೋ ಆ ಕಡೆಗೇ ಮಗ್ಗುಲಾಗಿ ಮಲಗಿಸಿ. ನಿಮ್ಮ ಅಪ್ಪನಿಗೆ ಬಲಗಡೆ, ಅಂದರೆ ಬಲ ಮಗ್ಗುಲು ಕೆಳಗೆ. ಆಗ ರಕ್ತ ಎಡಗಡೆಯ ಒಳ್ಳೆಯ ಶ್ವಾಸಕೋಶಕ್ಕೆ ಹರಿಯುವುದಿಲ್ಲ. ಕಡೆ ಗೊತ್ತಿಲ್ಲದವರನ್ನು ಮುಂದಕ್ಕೆ ಬಾಗಿಸಿ ಕೂರಿಸಿ. ಬಂದದ್ದನ್ನು ಉಗುಳಲಿ, ನುಂಗುವುದು ಬೇಡ. ಬಾಯಿಗೆ ನೀರು, ಕಷಾಯ, ಊಟ ಏನೂ ಬೇಡ. ಕೆಮ್ಮು ಅದುಮುವ ಸಿರಪ್ಪೂ ಬೇಡ, ನಿದ್ದೆ ಮಾತ್ರೆಯೂ ಬೇಡ. 108ಕ್ಕೆ ಫೋನ್ ಮಾಡಿ "ಕೆಮ್ಮಿನಲ್ಲಿ ರಕ್ತ, ಆಕ್ಸಿಜನ್ ಬೇಕು" ಅಂತ ಸ್ಪಷ್ಟವಾಗಿ ಹೇಳಿ. ಅರ್ಧ ಲೋಟದಷ್ಟು ಬಂದರೆ, ಬಿಡದೆ ಬರುತ್ತಿದ್ದರೆ, ಏದುಸಿರು ಬಂದರೆ, ತುಟಿ ನೀಲಿಯಾದರೆ, ತಲೆಸುತ್ತು ಬಂದರೆ ಕಾಯಬೇಡಿ. ಮೊದಲು ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಅಲ್ಲಿ ಉಸಿರು ಭದ್ರ ಮಾಡಿಸಿ, ಆಮೇಲೆ ಮೈಸೂರು. ಸೀದಾ ಮೈಸೂರಿಗೆ ಕಾರು ಓಡಿಸುವ ಧೈರ್ಯ ಮಾಡಬೇಡಿ.

ಬಾಳೆಲೆ ಹುಡುಗ

ನನ್ನ ಅಕ್ಕನಿಗೂ ಒಮ್ಮೆ ಕೆಮ್ಮಿನಲ್ಲಿ ರಕ್ತ ಬಂದಿತ್ತು, ವಯಸ್ಸು ಇನ್ನೂ ಇಪ್ಪತ್ತೈದು. ಬೀಡಿ ಇಲ್ಲ, ಟಿಬಿ ಇಲ್ಲ. ಗುಡ್ಡ ಹತ್ತಿದರೆ ಏದುಸಿರು ಬರುತ್ತದೆ ಅನ್ನುತ್ತಾಳೆ. ತಾನಾಗೇ ನಿಂತಿದೆ ಅಂತ ಸುಮ್ನೆ ಇದ್ದೇವೆ.

ಶ್ವಾಸಕೋಶ ವೈದ್ಯ, ಮೈಸೂರು

ಸುಮ್ನೆ ಇರಬೇಡಿ. ಈ ವಯಸ್ಸಿನಲ್ಲಿ ಏದುಸಿರು, ಜೊತೆಗೆ ರಕ್ತ ಅಂದರೆ ನನಗೆ ಮೊದಲು ಹೃದಯದ ಯೋಚನೆ ಬರುತ್ತದೆ. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ಊತ ಬಂದು ಹೋದವರಲ್ಲಿ ಮೈಟ್ರಲ್ ಕವಾಟ ಕಿರಿದಾಗಿರಬಹುದು. ಆಗ ಶ್ವಾಸಕೋಶದ ಕಡೆ ಒತ್ತಡ ಏರಿ ರಕ್ತ ಬರುತ್ತದೆ. ಬಸಿರಿನಲ್ಲಿ ಇದು ಇನ್ನೂ ಕೆರಳುತ್ತದೆ, ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಾಗುವುದೇ ಆಗ. ಒಂದು ಎಕೋ ಪರೀಕ್ಷೆ, ಅಂದರೆ ಹೃದಯದ ಸ್ಕ್ಯಾನ್ ಸಾಕು, ತಿಳಿದುಬಿಡುತ್ತದೆ. ಈ ವಾರವೇ ಮಾಡಿಸಿ. ಒಂದು ಕಾಲು ಊದಿಕೊಂಡು ದಿಢೀರನೆ ಉಸಿರು ಕಟ್ಟಿದರೆ ಮಾತ್ರ ವಾರ ಕಾಯಬೇಡಿ, ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕಿಕೊಂಡಿರಬಹುದು. ಆಗ ಸೀದಾ ಎಮರ್ಜೆನ್ಸಿಗೆ.

ಓದುತ್ತಿರುವ ಹೃದ್ರೋಗಿಗಳಿಗೂ ಒಂದು ಮಾತು. ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಕಫದಲ್ಲಿ ರಕ್ತ ಕಂಡರೆ, ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಅದೇ ದಿನ ಡಾಕ್ಟರಿಗೆ ತೋರಿಸಿ. ಅವರು ತೂಗಿ ನೋಡಿ ಹೇಳಲಿ.

ಹಾರಂಗಿ ದಡ

ಮೈಸೂರಿನಲ್ಲಿ ದಿನಾಂಕ ಸಿಕ್ಕಿದೆ. ಅಪ್ಪನೂ ಒಪ್ಪಿದ್ದಾರೆ. ಹಳೇ ಎಕ್ಸ್‌ರೇ ಅಟ್ಟದ ಮೇಲೆ ಸಿಕ್ಕಿತು. ಒಂದೇ ಪ್ರಶ್ನೆ: ಅಪ್ಪ ಮೊಮ್ಮಗುವನ್ನು ಎತ್ತಿಕೊಳ್ಳಬಹುದಾ? ಅಮ್ಮ ಅವರ ತಟ್ಟೆ ಲೋಟ ಬೇರೆ ಮಾಡಿದ್ದಾರೆ.

ಗೋಣಿಕೊಪ್ಪ ಆಶಾ

ತಟ್ಟೆ ಲೋಟದಿಂದ ಟಿಬಿ ಬರುವುದೇ ಇಲ್ಲ, ಗಾಳಿಯಿಂದ ಬರುವುದು. ಅಮ್ಮನಿಗೆ ಹೇಳಿ, ಇವತ್ತೇ ಒಟ್ಟಿಗೆ ಊಟಕ್ಕೆ ಕೂರಲಿ. ಕಲ್ಚರ್ ವರದಿ ಬರುವವರೆಗೆ ಅಪ್ಪ ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲಿ, ಮಗು ಹತ್ತಿರ ಇದ್ದಾಗ ಮಾಸ್ಕ್ ಹಾಕಲಿ, ಕಿಟಕಿ ತೆರೆದಿಡಿ.

ಶ್ವಾಸಕೋಶ ವೈದ್ಯ, ಮೈಸೂರು

ಅದೇ ನನ್ನ ಸಲಹೆಯೂ. ಬೂಷ್ಟಿನ ಉಂಡೆಯಾಗಲಿ ಬ್ರಾಂಕಿಯೆಕ್ಟಾಸಿಸ್ ಆಗಲಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಕಲ್ಚರ್ ನೆಗೆಟಿವ್ ಬಂದರೆ ಮಾಸ್ಕೂ ಬೇಡ. ಮೈಸೂರಿಗೆ ಬರುವಾಗ ಸಿಟಿಯ ಸಿಡಿ, ಹಳೇ ಟಿಬಿ ಚೀಟಿ, ಈಗ ನುಂಗುತ್ತಿರುವ ಎಲ್ಲಾ ಮಾತ್ರೆಗಳ ಪಟ್ಟಿ ತನ್ನಿ. ಅಲ್ಲಿಯವರೆಗೆ ಭಾರ ಎತ್ತುವುದು ಬೇಡ, ಒಲೆ ಹೊಗೆಯ ಹತ್ತಿರ ಕೂರುವುದು ಬೇಡ. ರಕ್ತ ಪೂರ್ತಿ ನಿಂತು ಕೆಲ ವಾರ ಆದ ಮೇಲೆ ಕಫ ಹೊರಹಾಕುವ ಉಸಿರಿನ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಲಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ಅಲ್ಲೇ ಕೇಳಿ. ಮುಂದಿನ ಮಳೆಗಾಲಕ್ಕೆ ಮೊದಲೇ ಹಾಕಿಸಿದರೆ ಒಳ್ಳೆಯದು.